ವಿದ್ಯುತ್ ಬೈಸಿಕಲ್ಲೂ ಮನೆಯ ಯಜಮಾನನ ಹೊಣೆಯೂ

ಗ್ರಾಮಜೀವನಕ್ಕೆ ಬೈಸಿಕಲ್ಲಿನಿಂದ ಆಗಿರುವ ಉಪಕಾರವನ್ನು ಹೊಸದಾಗಿ ವರ್ಣಿಸಬೇಕಾದ ಅವಶ್ಯಕತೆಯಿಲ್ಲ. ತೋಟಕ್ಕೆ ನೀರು ಹಾಯಿಸಲು ಹೋಗುವವನು, ಡೇರಿಗೆ ಹಾಲು ಒಯ್ಯುವವನು, ಸಂತೆಗೆ ಸೊಪ್ಪು ತರಕಾರಿಗಳನ್ನು ಸಾಗಿಸುವವನು, ಎರಡು ಮೂರು ಮೈಲಿ ದೂರದ ಪ್ರೌಢಶಾಲೆಗೆ ಹೋಗುವ ಹುಡುಗಿ, ಇವರೆಲ್ಲರ ಭಾರವನ್ನೂ ಈ ಎರಡು ಚಕ್ರಗಳು ಮೂರು ನಾಲ್ಕು ತಲೆಮಾರುಗಳಿಂದ ಹೊತ್ತುಕೊಂಡು ಬಂದಿವೆ. ಅದಕ್ಕೆ ಮೇವು ಬೇಡ, ಎಣ್ಣೆ ಬೇಡ; ಕೆಟ್ಟರೆ ಹತ್ತಿರದ ಸೈಕಲ್ ಷಾಪಿನಲ್ಲಿ ರಿಪೇರಿಯಾಗುತ್ತದೆ. ಕರ್ನಾಟಕ ಸರ್ಕಾರದವರು ೨೦೦೬–೦೭ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಬೈಸಿಕಲ್ಲುಗಳನ್ನು ಹಂಚಲು ತೊಡಗಿದ ಮೇಲಂತೂ ಬೈಸಿಕಲ್ಲು ಕಾಣದ ಹಳ್ಳಿಯೇ ಇಲ್ಲವೆಂದರೆ ತಪ್ಪಾಗಲಾರದು.

ಕಾವೇರಿಯ ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅನಂತರ ಹಳ್ಳಿಗಳಿಗೆ ಬಂದು ಬಾವಿಯ ನೀರನ್ನೆತ್ತಿತು. ಈಗ ಆ ವಿದ್ಯುಚ್ಛಕ್ತಿಯೇ ಮನೆಯ ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗಿಳಿದು ಬೈಸಿಕಲ್ಲಿನ ಚಕ್ರವನ್ನೂ ತಿರುಗಿಸುತ್ತಿದೆ. ಜನರು ಬ್ಯಾಟರಿ ಸೈಕಲ್ಲು ಎಂದು ಕರೆಯುವ ಈ ವಾಹನವು ಏರುದಾರಿಯಲ್ಲಿ ಸವಾರನ ಶ್ರಮವನ್ನು ಅರ್ಧಕ್ಕಿಂತಲೂ ಕಡಮೆ ಮಾಡುತ್ತದೆ. ವಯಸ್ಸಾದವರೂ ಹೆಂಗಸರೂ ದೂರದ ಹೊಲಕ್ಕೆ ಹೋಗಿಬರುವುದನ್ನು ಸುಲಭಗೊಳಿಸುತ್ತದೆ. ಇದು ಸ್ವಾಗತಿಸತಕ್ಕ ವಿಚಾರವೇ ಸರಿ.

ಆದರೆ ಇದರ ಜೊತೆಯಲ್ಲಿ ಒಂದು ತಪ್ಪು ತಿಳಿವಳಿಕೆಯೂ ಹಳ್ಳಿಗಳಲ್ಲಿ ಹರಡಿದೆ. “ಬ್ಯಾಟರಿ ಗಾಡಿಗೆ ಲೈಸೆನ್ಸು ಬೇಡ, ನಂಬರು ಬೇಡ, ಇನ್‌ಶೂರೆನ್ಸೂ ಬೇಡ” ಎಂಬುದೇ ಆ ಮಾತು. ಇದು ಅರ್ಧ ನಿಜ. ಕಾನೂನು ಒಂದು ಗೆರೆಯನ್ನು ಎಳೆದಿದೆ. ಗೆರೆಯ ಈಚೆಗಿರುವುದು ಬೈಸಿಕಲ್ಲು. ಆಚೆಗಿರುವುದು, ನೋಡಲು ಬೈಸಿಕಲ್ಲಿನಂತೆಯೇ ಇದ್ದರೂ, ಮೋಟಾರು ವಾಹನ. ಈ ಗೆರೆ ಎಲ್ಲಿದೆಯೆಂಬುದನ್ನು ಅರಿಯದೆ ಅದನ್ನು ದಾಟಿದವನ ಹೊಣೆ ಅವನೊಬ್ಬನಲ್ಲಿಯೇ ನಿಲ್ಲುವುದಿಲ್ಲ. ವಾಹನವನ್ನು ಕೊಡಿಸಿದ ಮನೆಯ ಯಜಮಾನನನ್ನೂ, ಕೊನೆಗೆ ಅವನ ಜಮೀನನ್ನೂ ಮುಟ್ಟುತ್ತದೆ. ಆದಕಾರಣ ಹಿಡುವಳಿದಾರರೂ ಗ್ರಾಮದ ಮುಖಂಡರೂ ಈ ವಿಷಯವನ್ನು ಸಾವಧಾನವಾಗಿ ತಿಳಿದುಕೊಳ್ಳುವುದು ಲೇಸು.

ಯಂತ್ರದ ಸ್ವರೂಪ

ಬೈಸಿಕಲ್ಲಿಗೆ ವಿದ್ಯುತ್ ಮೋಟಾರನ್ನು ಜೋಡಿಸುವ ಆಲೋಚನೆ ಹೊಸದಲ್ಲ. ಅಮೆರಿಕದ ಓಹಿಯೋ ಸಂಸ್ಥಾನದ ಆಗ್ಡನ್ ಬೋಲ್ಟನ್ ಎಂಬಾತನು ಹಿಂದಿನ ಚಕ್ರದ ನಡುಭಾಗದಲ್ಲಿಯೇ ಮೋಟಾರನ್ನು ಅಳವಡಿಸಿದ ಬೈಸಿಕಲ್ಲಿಗೆ ೧೮೯೫ರಲ್ಲಿ ಪೇಟೆಂಟನ್ನು ಪಡೆದಿದ್ದನು. ಬಹುಕಾಲದವರೆಗೆ ಬ್ಯಾಟರಿಗಳ ತೂಕವೇ ಈ ಯಂತ್ರದ ಪ್ರಚಾರಕ್ಕೆ ಅಡ್ಡಿಯಾಗಿತ್ತು. ೧೯೯೩ರಲ್ಲಿ ಜಪಾನಿನ ಯಮಹಾ ಕಂಪೆನಿಯವರು ಸವಾರನು ತುಳಿಯುವ ಬಲವನ್ನು ಗುರುತಿಸಿ ಅದಕ್ಕೆ ತಕ್ಕಷ್ಟು ನೆರವನ್ನು ಮಾತ್ರ ಕೊಡುವ ಬೈಸಿಕಲ್ಲನ್ನು ಮಾರುಕಟ್ಟೆಗೆ ತಂದರು. ಹಗುರವಾದ ಲಿಥಿಯಂ ಬ್ಯಾಟರಿಗಳು ಬಳಕೆಗೆ ಬಂದ ಮೇಲೆ ಈ ವಾಹನವು ದೇಶದೇಶಗಳಲ್ಲಿ ಹಬ್ಬಿತು.

ಇದರ ಅಂಗಗಳು ಮುಖ್ಯವಾಗಿ ಮೂರು: ಶಕ್ತಿಯನ್ನು ಕೂಡಿಟ್ಟುಕೊಳ್ಳುವ ಬ್ಯಾಟರಿ, ಚಕ್ರವನ್ನು ತಿರುಗಿಸುವ ಮೋಟಾರು, ಎಷ್ಟು ಶಕ್ತಿ ಯಾವಾಗ ಹರಿಯಬೇಕೆಂಬುದನ್ನು ನಿಯಂತ್ರಿಸುವ ಕಂಟ್ರೋಲರು ಎಂಬ ಪೆಟ್ಟಿಗೆ. ಈ ಮೂರನೆಯದೇ ವೇಗದ ಕಡಿವಾಣ. ಬಂಡಿಯ ಎತ್ತಿಗೆ ಮೂಗುದಾರವಿದ್ದಂತೆ ಈ ವಾಹನಕ್ಕೆ ಕಂಟ್ರೋಲರು. ಅದನ್ನು ಸಡಿಲಿಸಿದರೆ ವಾಹನದ ಜಾತಿಯೇ ಬದಲಾಗುವುದೆಂಬುದನ್ನು ಮುಂದೆ ನೋಡಬಹುದು.

ಸಾಮಾನ್ಯವಾಗಿ ಕಾಣಸಿಗುವ ೩೬ ವೋಲ್ಟು, ೧೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ೩೬೦ ವಾಟ್-ಗಂಟೆಯಷ್ಟು ಶಕ್ತಿ ಹಿಡಿಯುತ್ತದೆ. ಚಾರ್ಜು ಮಾಡುವಾಗಿನ ನಷ್ಟವನ್ನು ಸೇರಿಸಿದರೂ ಒಂದು ಸಾರಿ ಪೂರ್ಣವಾಗಿ ತುಂಬಲು ಅರ್ಧ ಯೂನಿಟ್ಟಿಗಿಂತ ಕಡಮೆ ವಿದ್ಯುತ್ತು ಸಾಕು. ಇನ್ನು ಮೋಟಾರಿನ ಬಲದ ವಿಚಾರ: ಒಂದು ಅಶ್ವಶಕ್ತಿಯೆಂದರೆ ಸುಮಾರು ೭೪೬ ವಾಟು. ಬೈಸಿಕಲ್ಲಿಗೆ ಕಾನೂನು ಒಪ್ಪುವ ೨೫೦ ವಾಟೆಂಬುದು ಅಶ್ವಶಕ್ತಿಯ ಮೂರರಲ್ಲಿ ಒಂದು ಪಾಲು, ಎಂದರೆ ೫ ಅಶ್ವಶಕ್ತಿಯ ಪಂಪ್‌ಸೆಟ್ಟಿನ ಹದಿನೈದನೆಯ ಒಂದು ಪಾಲು. ಕೇಳುವುದಕ್ಕೆ ಅಲ್ಪವೆಂದು ತೋರಬಹುದು. ಆದರೆ ಆರೋಗ್ಯವಂತನಾದ ಮನುಷ್ಯನು ಬಹಳ ಹೊತ್ತು ಆಯಾಸವಿಲ್ಲದೆ ತುಳಿಯುವಾಗ ಉತ್ಪತ್ತಿ ಮಾಡುವ ಬಲವು ಸುಮಾರು ೭೫ರಿಂದ ೧೦೦ ವಾಟು ಮಾತ್ರ. ಹಾಗಾದರೆ ಕಾನೂನು ಒಪ್ಪಿದ ಮೋಟಾರು ಇಬ್ಬರು ಮೂವರು ಆಳುಗಳು ಜೊತೆಗೂಡಿ ತುಳಿದಷ್ಟು ನೆರವನ್ನು ಕೊಡುತ್ತದೆ. ಹೊಲಕ್ಕೂ ಸಂತೆಗೂ ಹೋಗಿಬರಲು ಇದು ಧಾರಾಳವಾಗಿ ಸಾಕು.

ಕಾನೂನು ಎಳೆದಿರುವ ಗೆರೆ

ಭಾರತದಲ್ಲಿ ಮೋಟಾರು ವಾಹನಗಳ ವಿಚಾರವನ್ನು ೧೯೮೮ರ ಮೋಟಾರು ವಾಹನಗಳ ಅಧಿನಿಯಮವೂ ೧೯೮೯ರ ಕೇಂದ್ರ ಮೋಟಾರು ವಾಹನಗಳ ನಿಯಮಗಳೂ ನಿರ್ಣಯಿಸುತ್ತವೆ. ಬ್ಯಾಟರಿಯಿಂದ ನಡೆಯುವ ವಾಹನವೆಂದರೇನು, ಅವುಗಳಲ್ಲಿ ಯಾವುದು ಮೋಟಾರು ವಾಹನವೆನಿಸುವುದಿಲ್ಲ ಎಂಬುದನ್ನು ಆ ನಿಯಮಗಳ ಎರಡನೆಯ ನಿಯಮದಲ್ಲಿ ವಿವರಿಸಿದೆ. ಅದರ ಸಾರವು ಹೀಗಿದೆ:

(೧) ಮೋಟಾರಿನ ಬಲವು, ಅರ್ಧ ಗಂಟೆ ಸತತವಾಗಿ ನಡೆಯಿಸಿ ಅಳೆದಾಗ, ೦.೨೫ ಕಿಲೋವಾಟಿಗಿಂತ, ಎಂದರೆ ೨೫೦ ವಾಟಿಗಿಂತ ಕಡಮೆಯಾಗಿರಬೇಕು.

(೨) ವಾಹನದ ಪರಮಾವಧಿ ವೇಗವು ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಮೆಯಿರಬೇಕು.

(೩) ಪೆಡಲಿಗೆ ನೆರವಾಗುವ ಬೈಸಿಕಲ್ಲಾದರೆ, ವೇಗವು ಹೆಚ್ಚುತ್ತ ಹೋದಂತೆ ಮೋಟಾರಿನ ನೆರವು ಕ್ರಮವಾಗಿ ಇಳಿಯುತ್ತ, ೨೫ ಕಿಲೋಮೀಟರಿನ ವೇಗವನ್ನು ಮುಟ್ಟುವಾಗ ಪೂರ್ತಿಯಾಗಿ ನಿಲ್ಲಬೇಕು. ಸವಾರನು ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕೂ ಮೊದಲೇ ನಿಲ್ಲಬೇಕು. ಇದಲ್ಲದೆ ಅದಕ್ಕೆ ತಕ್ಕ ಬ್ರೇಕುಗಳೂ, ಮುಂದೆ ಒಂದು ಬಿಳಿಯ ಹಾಗೂ ಹಿಂದೆ ಒಂದು ಕೆಂಪು ಪ್ರತಿಫಲಕವೂ ಇರಬೇಕು.

(೪) ಇವೆಲ್ಲವನ್ನೂ ಸರ್ಕಾರವು ಗೊತ್ತುಮಾಡಿದ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಪ್ರಮಾಣೀಕರಿಸಿರಬೇಕು.

ಈ ನಾಲ್ಕನೆಯ ಅಂಶವನ್ನು ಜನರು ಸಾಮಾನ್ಯವಾಗಿ ಮರೆಯುವರು. ಟ್ರಾಕ್ಟರುಗಳನ್ನು ಮಧ್ಯಪ್ರದೇಶದ ಬುದ್ನಿಯಲ್ಲಿ ಪರೀಕ್ಷಿಸುವಂತೆ ರಸ್ತೆಯ ವಾಹನಗಳನ್ನು ಪರೀಕ್ಷಿಸಲು ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಮುಂತಾದ ಸಂಸ್ಥೆಗಳನ್ನು ನಿಯಮಗಳಲ್ಲಿಯೇ ಹೆಸರಿಸಿದೆ. ಅಂತಹ ಸಂಸ್ಥೆಯ ಪ್ರಮಾಣವಿಲ್ಲದ ವಾಹನವು “ಬರಿಯ ಇಪ್ಪತ್ತೈದರ ವೇಗದ್ದು” ಎಂದು ಅಂಗಡಿಯವನು ಬಾಯಲ್ಲಿ ಹೇಳಿದ ಮಾತ್ರಕ್ಕೆ ಅದಕ್ಕೆ ವಿನಾಯಿತಿ ದೊರೆಯುವುದಿಲ್ಲ.

ಮೇಲೆ ಹೇಳಿದ ಷರತ್ತುಗಳೆಲ್ಲವೂ ನೆರವೇರಿದ್ದರೆ ಆ ಬೈಸಿಕಲ್ಲಿಗೆ ರಿಜಿಸ್ಟ್ರೇಷನ್ ಬೇಡ, ಸವಾರನಿಗೆ ಲೈಸೆನ್ಸು ಬೇಡ, ಮೋಟಾರು ವಾಹನದ ವಿಮೆಯೂ ಬೇಡ. ಇತರ ದೇಶಗಳವರೂ ಇಂತಹ ಗೆರೆಯನ್ನು ಎಳೆದಿರುವರು. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ೨೫೦ ವಾಟು ಮತ್ತು ೨೫ ಕಿಲೋಮೀಟರೇ ಮಿತಿ. ಚೀನದಲ್ಲಿ ೨೦೧೯ರ ಏಪ್ರಿಲಿನಲ್ಲಿ ಜಾರಿಗೆ ಬಂದ ಮಾನದಂಡವು ಮೋಟಾರಿಗೆ ೪೦೦ ವಾಟಿನವರೆಗೆ ಅವಕಾಶ ಕೊಟ್ಟರೂ ವೇಗವನ್ನು ೨೫ ಕಿಲೋಮೀಟರಿಗೇ ಕಟ್ಟಿಹಾಕಿತು. ಬಲದ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ ವೇಗದ ವಿಷಯದಲ್ಲಿ ಇವರೆಲ್ಲರೂ ಒಂದೇ ಅಂಕಿಗೆ ಬಂದು ನಿಂತಿರುವುದು ಗಮನಾರ್ಹ.

ಇಪ್ಪತ್ತೈದೇ ಏಕೆ?

ಇದರ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ಹೋಗುವವನು ಸೆಕೆಂಡಿಗೆ ಸುಮಾರು ೭ ಮೀಟರು ಮುಂದೆ ಸಾಗುತ್ತಾನೆ. ಎದುರಿಗೆ ಕರುವೊಂದು ಅಡ್ಡ ಬಂದಿತೆನ್ನಿ. ಅದನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡು, ಎಂದರೆ ೭ ಮೀಟರು ಕಳೆಯಿತು. ಅನಂತರ ಸಾಧಾರಣ ರಸ್ತೆಯಲ್ಲಿ ಸಾಧಾರಣ ಬ್ರೇಕಿನಿಂದ ನಿಲ್ಲಲು ಇನ್ನು ೮ ಮೀಟರು ಬೇಕಾದೀತು. ಒಟ್ಟು ೧೫ ಮೀಟರು. ಅದೇ ಸವಾರನು ೪೦ ಕಿಲೋಮೀಟರ್ ವೇಗದಲ್ಲಿದ್ದರೆ ಬ್ರೇಕು ಹಿಡಿಯುವ ಮೊದಲೇ ೧೧ ಮೀಟರು ಮುಂದೆ ಹೋಗಿರುತ್ತಾನೆ. ನಿಲ್ಲಲು ಅದೇ ಬ್ರೇಕಿಗೆ ಇನ್ನೂ ೨೦ ಮೀಟರಿಗೆ ಮೇಲ್ಪಟ್ಟು ಬೇಕು. ಒಟ್ಟು ೩೧ ಮೀಟರಿಗೂ ಹೆಚ್ಚು. ವೇಗವು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿತು; ನಿಲ್ಲುವ ದೂರವು ಎರಡು ಪಟ್ಟಾಯಿತು. ಡಿಕ್ಕಿಯಾದರೆ ತಗಲುವ ಪೆಟ್ಟಿನ ಶಕ್ತಿಯೋ ಎರಡೂವರೆ ಪಟ್ಟಿಗೆ ಮೀರುತ್ತದೆ.

ಬೈಸಿಕಲ್ಲಿನ ಚೌಕಟ್ಟು, ಕಡ್ಡಿಗಳು, ರಿಮ್ಮು, ಬ್ರೇಕಿನ ರಬ್ಬರು ಇವೆಲ್ಲವೂ ಮನುಷ್ಯನ ಕಾಲಿನ ಬಲಕ್ಕೆ ತಕ್ಕಂತೆ ರಚಿತವಾದವು. ಅವುಗಳ ಮೇಲೆ ಮೋಟಾರ್ ಸೈಕಲ್ಲಿನ ವೇಗವನ್ನು ಹೇರುವುದು, ಒಂಟಿ ಎತ್ತಿನ ಗಾಡಿಗೆ ಜೋಡಿ ಎತ್ತಿನ ಹೇರನ್ನು ತುಂಬಿದಂತೆ. ಒಂದು ದಿನ ನಡೆದೀತು, ಎರಡು ದಿನ ನಡೆದೀತು; ಮೂರನೆಯ ದಿನ ಇಳಿಜಾರಿನಲ್ಲಿ ಏನಾದೀತೆಂದು ಹೇಳಲಾಗದು.

ಗೆರೆ ದಾಟಿದಾಗ ಬರುವ ಹೊಣೆ

ಗೆರೆಯನ್ನು ದಾಟುವ ದಾರಿಗಳು ಮೂರು. ಪರೀಕ್ಷೆಗೆ ಒಳಪಡದ ಹೆಚ್ಚು ಬಲದ ವಾಹನವನ್ನು ಕೊಳ್ಳುವುದು ಒಂದು. ಸರಿಯಾದ ವಾಹನವನ್ನು ಕೊಂಡು, ಮೆಕ್ಯಾನಿಕ್ಕನಿಂದ ಕಂಟ್ರೋಲರಿನ ತಂತಿಯನ್ನು ಬಿಡಿಸಿ ವೇಗದ ಮಿತಿಯನ್ನು ತೆಗೆಸುವುದು ಎರಡನೆಯದು. ಮನೆಯಲ್ಲಿರುವ ಹಳೆಯ ಬೈಸಿಕಲ್ಲಿಗೆ ಐನೂರು, ಸಾವಿರ ವಾಟಿನ ಮೋಟಾರು ಕಿಟ್ಟನ್ನು ತರಿಸಿ ಕೂಡಿಸುವುದು ಮೂರನೆಯದು. ಕೊನೆಯ ಎರಡನ್ನು ಬಹುಮಟ್ಟಿಗೆ ಹುಡುಗರೇ ಮಾಡುವರು. ಹಿರಿಯರಿಗೆ ತಿಳಿಯುವುದು ತಡವಾಗಿ.

ಹೀಗೆ ಗೆರೆ ದಾಟಿದ ವಾಹನವು ಕಾನೂನಿನ ಕಣ್ಣಿನಲ್ಲಿ ರಿಜಿಸ್ಟ್ರೇಷನ್ ಇಲ್ಲದ, ವಿಮೆಯಿಲ್ಲದ ಮೋಟಾರು ವಾಹನ; ಅದನ್ನು ನಡೆಸುವವನು ಲೈಸೆನ್ಸಿಲ್ಲದ ಚಾಲಕ. ೨೦೧೯ರ ತಿದ್ದುಪಡಿಯು ಗೊತ್ತುಮಾಡಿದಂತೆ ಲೈಸೆನ್ಸಿಲ್ಲದೆ ವಾಹನ ನಡೆಸಿದುದಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ೫,೦೦೦ ರೂಪಾಯಿ ದಂಡ ಅಥವಾ ಎರಡೂ ವಿಧಿಸಬಹುದು. ಅಂತಹವನ ಕೈಗೆ ವಾಹನವನ್ನು ಕೊಟ್ಟ ಮಾಲಿಕನಿಗೂ ಪ್ರತ್ಯೇಕವಾಗಿ ಅಷ್ಟೇ ಶಿಕ್ಷೆಯುಂಟು. ರಿಜಿಸ್ಟ್ರೇಷನ್ ಇಲ್ಲದುದಕ್ಕೆ ಮೊದಲನೆಯ ಸಾರಿ ೨,೦೦೦ ರೂಪಾಯಿಗೆ ಕಡಮೆಯಿಲ್ಲದಂತೆ ೫,೦೦೦ ರೂಪಾಯಿಯವರೆಗೆ ದಂಡವಿದೆ. ಸ್ಥಳದಲ್ಲಿಯೇ ಕಟ್ಟಿ ಮುಗಿಸಿಕೊಳ್ಳುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರಗಳು ಬೇರೆಯಾಗಿ ನಿಗದಿ ಮಾಡಿರುವುದೂ ಉಂಟು.

ಅಪ್ರಾಪ್ತ ವಯಸ್ಸಿನ ಹುಡುಗನು ಇಂತಹ ವಾಹನವನ್ನು ನಡೆಸಿ ಅಪರಾಧಕ್ಕೆ ಗುರಿಯಾದರೆ ಹೊಣೆಯು ಇನ್ನೂ ಭಾರವಾದುದು. ಅದೇ ೨೦೧೯ರ ತಿದ್ದುಪಡಿಯಲ್ಲಿ ಸೇರಿದ ೧೯೯-ಎ ಪ್ರಕರಣದ ಪ್ರಕಾರ, ಹುಡುಗನ ಪೋಷಕನನ್ನು ಅಥವಾ ವಾಹನದ ಮಾಲಿಕನನ್ನೇ ಅಪರಾಧಿಯೆಂದು ಭಾವಿಸಿ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ೨೫,೦೦೦ ರೂಪಾಯಿ ದಂಡವನ್ನೂ ವಿಧಿಸಬಹುದಾಗಿದೆ. ತನಗೆ ತಿಳಿಯದಂತೆ ನಡೆಯಿತು, ತಡೆಯಲು ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆ ಎಂಬುದನ್ನು ಸಾಬೀತುಪಡಿಸುವ ಭಾರವು ತಂದೆಯ ಮೇಲೆ ಬೀಳುತ್ತದೆ. ವಾಹನವನ್ನು ಹಣಕೊಟ್ಟು ತಾನೇ ತರಿಸಿಕೊಟ್ಟವನು ಇದನ್ನು ಹೇಗೆ ಸಾಬೀತುಪಡಿಸಿಯಾನು?

ದಂಡಕ್ಕಿಂತಲೂ ದೊಡ್ಡ ಅಪಾಯವು ಪರಿಹಾರದ್ದು. ಉದಾಹರಣೆಗೆ, ಒಬ್ಬ ಹಿಡುವಳಿದಾರನು ತನ್ನ ತೋಟದ ಆಳಿಗೆ ಸಾವಿರ ವಾಟಿನ ಕಿಟ್ಟು ಹಾಕಿದ ಬೈಸಿಕಲ್ಲನ್ನು ಕೊಟ್ಟಿರುವನೆಂದು ಭಾವಿಸಬಹುದು. ಆಳು ಮುಸ್ಸಂಜೆಯಲ್ಲಿ ವೇಗವಾಗಿ ಬರುತ್ತ ದಾರಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ವೃದ್ಧನಿಗೆ ಗುದ್ದಿದನು. ವೃದ್ಧನ ಸೊಂಟ ಮುರಿಯಿತು. ವಿಮೆಯಿದ್ದಿದ್ದರೆ ಕಂಪೆನಿಯವರು ಕೊಡುತ್ತಿದ್ದ ಹಣವನ್ನು ಈಗ ಮಾಲಿಕನೇ ತೆರಬೇಕು. ಮೋಟಾರು ಅಪಘಾತ ನ್ಯಾಯಾಧಿಕರಣವು ವಿಧಿಸಿದ ಪರಿಹಾರವನ್ನು ಕೊಡದಿದ್ದರೆ, ಅಧಿನಿಯಮದ ೧೭೪ನೆಯ ಪ್ರಕರಣದಂತೆ ಅದನ್ನು ಭೂಕಂದಾಯದ ಬಾಕಿಯನ್ನು ವಸೂಲು ಮಾಡುವ ರೀತಿಯಲ್ಲಿಯೇ ವಸೂಲು ಮಾಡಲು ಜಿಲ್ಲಾಧಿಕಾರಿಗೆ ಬರೆಯಬಹುದು. ಕಂದಾಯದ ಬಾಕಿಗಾಗಿ ಜಪ್ತಿಯೆಂದರೇನೆಂಬುದನ್ನು ಜಮೀನುಳ್ಳವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೆಲವು ಸಾವಿರ ರೂಪಾಯಿಗಳ ಕಿಟ್ಟೊಂದು ಪಿತ್ರಾರ್ಜಿತವಾದ ಎರಡೆಕರೆ ತರಿಯನ್ನು ಪಣಕ್ಕೆ ಒಡ್ಡುವುದೆಂದರೆ ಅದು ಲಾಭದ ವ್ಯಾಪಾರವಲ್ಲ.

ಗೆರೆಯ ಒಳಗಿರುವವನೂ ಕಾನೂನಿಗೆ ಹೊರತಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೮೧ನೆಯ ಪ್ರಕರಣವು ಸಾರ್ವಜನಿಕ ರಸ್ತೆಯಲ್ಲಿ ಮನುಷ್ಯರ ಪ್ರಾಣಕ್ಕೆ ಅಪಾಯವಾಗುವಂತೆ ಯಾವುದೇ ವಾಹನವನ್ನು ದುಡುಕಿನಿಂದ ನಡೆಸುವವನಿಗೆ ಅನ್ವಯಿಸುತ್ತದೆ. ಅದು ಮೋಟಾರು ವಾಹನಕ್ಕೆ ಮಾತ್ರ ಮೀಸಲಾದುದಲ್ಲ.

ಕೊಳ್ಳುವಾಗ ನೋಡತಕ್ಕ ಅಂಶಗಳು

ಬಿತ್ತನೆಯ ಬೀಜವನ್ನು ಕೊಳ್ಳುವಾಗ ಚೀಟಿ ನೋಡಿ ಕೊಳ್ಳುವ ರೈತನು ಬೈಸಿಕಲ್ಲನ್ನು ಕೊಳ್ಳುವಾಗಲೂ ಅದೇ ವಿವೇಕವನ್ನು ತೋರಬೇಕು. ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಅಂಗಡಿಯವನಿಂದ ಕೇಳಿ ಪಡೆಯತಕ್ಕದ್ದು. ರಸೀದಿಯಲ್ಲಿ ಮಾದರಿಯ ಹೆಸರು, ಮೋಟಾರಿನ ವಾಟು, ಪರಮಾವಧಿ ವೇಗ ಇವುಗಳನ್ನು ಬರೆಯಿಸಿಕೊಳ್ಳತಕ್ಕದ್ದು. ಬರೆದುಕೊಡಲು ಹಿಂದೆಗೆಯುವ ಅಂಗಡಿಯಿಂದ ಹಿಂದಿರುಗುವುದೇ ಮೇಲು. “ಒಂದು ತಂತಿ ಕಿತ್ತರೆ ನಲವತ್ತು ಹೋಗುತ್ತದೆ” ಎಂಬ ಮಾತನ್ನು ಗುಣವೆಂದು ಹೇಳುವವನು ಗಿರಾಕಿಯ ಹಿತವನ್ನು ಬಯಸುವವನಲ್ಲ.

ಮನೆಗೆ ಬಂದ ವಾಹನದ ವೇಗವನ್ನು ಯಾವ ಉಪಕರಣವೂ ಇಲ್ಲದೆ ಪರೀಕ್ಷಿಸಬಹುದು. ವಾಹನಗಳ ಓಡಾಟವಿಲ್ಲದ ಹೊತ್ತಿನಲ್ಲಿ, ಸಮತಟ್ಟಾದ ರಸ್ತೆಯ ಬದಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ, ತುಳಿಯದೆ ಮೋಟಾರಿನಿಂದಲೇ ನಡೆಸಿ ಗಡಿಯಾರ ನೋಡಬೇಕು. ಗಂಟೆಗೆ ೨೫ ಕಿಲೋಮೀಟರಿನ ವೇಗದಲ್ಲಿ ಒಂದು ಕಿಲೋಮೀಟರಿಗೆ ೨ ನಿಮಿಷ ೨೪ ಸೆಕೆಂಡು ಹಿಡಿಯುತ್ತದೆ. ಅದಕ್ಕಿಂತ ಬೇಗನೆ ಮುಟ್ಟಿದರೆ ವಾಹನವು ಗೆರೆ ದಾಟಿದೆಯೆಂದೇ ತಿಳಿಯಬೇಕು. ಒಂದೂವರೆ ನಿಮಿಷದಲ್ಲಿ ಮುಟ್ಟಿದರೆ ಅದು ನಲವತ್ತರ ವೇಗ. ತುಳಿದರೆ ಮಾತ್ರ ನೆರವು ಕೊಡುವ ಬೈಸಿಕಲ್ಲಾದರೆ, ತುಳಿಯುವುದನ್ನು ನಿಲ್ಲಿಸಿದ ಕೂಡಲೇ ಮೋಟಾರು ಸುಮ್ಮನಾಗುವುದೋ ಇಲ್ಲವೋ ಎಂಬುದನ್ನು ನೋಡಬೇಕು.

ಹಳೆಯ ಬೈಸಿಕಲ್ಲಿಗೆ, ವಿಶೇಷವಾಗಿ ಶಾಲೆಯಿಂದ ಬಂದ ಬೈಸಿಕಲ್ಲಿಗೆ, ಕಿಟ್ಟು ಹಾಕಿಸುವುದನ್ನು ಯಜಮಾನರು ಒಪ್ಪಬಾರದು. ಪರೀಕ್ಷೆಯ ಪ್ರಮಾಣವಿಲ್ಲದೆ ಕೂಡಿಸಿದ ವಾಹನಕ್ಕೆ ಕಾನೂನಿನ ವಿನಾಯಿತಿಯನ್ನು ನಂಬುವಂತಿಲ್ಲ. ಅದರ ಮುಂಭಾಗದ ಕವಲೂ ಬ್ರೇಕುಗಳೂ ಮೋಟಾರಿನ ಎಳೆತವನ್ನು ತಾಳಲು ಮಾಡಿದವೂ ಅಲ್ಲ.

ಸವಾರಿಯ ಕ್ರಮ

ಹೊಸ ಸವಾರನು ಮೊದಲು ಕಣದಲ್ಲಿಯೋ ಬಯಲಿನಲ್ಲಿಯೋ ಅಭ್ಯಾಸ ಮಾಡತಕ್ಕದ್ದು. ಮೋಟಾರು ಒಮ್ಮೆಲೇ ಎಳೆಯುವುದರಿಂದ, ಸಾಧಾರಣ ಬೈಸಿಕಲ್ಲನ್ನು ಇಪ್ಪತ್ತು ವರ್ಷ ತುಳಿದವನೂ ಮೊದಲನೆಯ ದಿನ ಆಯತಪ್ಪುವುದುಂಟು. ಹತ್ತುವ ಮುನ್ನ ಮೋಟಾರಿನ ಸ್ವಿಚ್ಚು ಆರಿರಲಿ. ನಿಂತಲ್ಲಿ ಮಾತನಾಡುವಾಗಲೂ ಆರಿರಲಿ. ನಿಲ್ಲಿಸಿದ ವಾಹನದ ಹಿಡಿಯನ್ನು ಮಕ್ಕಳು ತಿರುಗಿಸಿದರೆ ಅದು ಸವಾರನಿಲ್ಲದೆಯೇ ಮುಂದಕ್ಕೆ ನೆಗೆಯುತ್ತದೆ.

ಈ ವಾಹನಕ್ಕೆ ಸದ್ದಿಲ್ಲ. ಇದು ಗುಣವೂ ಹೌದು, ದೋಷವೂ ಹೌದು. ಹಿಂದಿನಿಂದ ಬರುವುದು ಮುದುಕರಿಗೂ ದನಗಳಿಗೂ ಕೇಳಿಸದು. ಆದಕಾರಣ ಜನರನ್ನೂ ಮಂದೆಯನ್ನೂ ಸಮೀಪಿಸುವಾಗ ದೂರದಿಂದಲೇ ಗಂಟೆ ಬಾರಿಸಿ, ಕಾಲ್ನಡಿಗೆಯ ವೇಗಕ್ಕೆ ಇಳಿಯತಕ್ಕದ್ದು. ರಸ್ತೆಯ ಎಡಗಡೆಯಲ್ಲಿಯೇ ಸಾಗಬೇಕು. ಕಿವಿಯಲ್ಲಿ ಮೊಬೈಲಿನ ತಂತಿಯನ್ನು ಸಿಕ್ಕಿಸಿಕೊಂಡು ಹೋಗುವುದು ಕೂಡದು.

ಹೇರಿನ ವಿಷಯದಲ್ಲಿ ಜಾಗರೂಕತೆ ಬೇಕು. ನಲವತ್ತು ಲೀಟರು ಹಾಲೆಂದರೆ ಕ್ಯಾನಿನ ತೂಕವನ್ನು ಬಿಟ್ಟು ನಲವತ್ತು ಕಿಲೋಗ್ರಾಮಿಗೆ ಮೇಲ್ಪಟ್ಟ ಭಾರ. ಅದನ್ನು ಕ್ಯಾರಿಯರಿನ ಒಂದೇ ಬದಿಗೆ ತೂಗುಹಾಕಿದರೆ ವಾಹನವು ತಿರುವಿನಲ್ಲಿ ಉರುಳುತ್ತದೆ. ಎರಡು ಬದಿಗೂ ಸಮನಾಗಿ, ತಗ್ಗಾಗಿ ಕಟ್ಟಬೇಕು. ತಯಾರಕನು ಹೇಳಿದ ಭಾರವನ್ನು ಮೀರಕೂಡದು. ಹೇರು ಹೆಚ್ಚಿದಷ್ಟೂ ನಿಲ್ಲುವ ದೂರ ಹೆಚ್ಚುವುದೆಂಬುದನ್ನು ನೆನಪಿನಲ್ಲಿಡಬೇಕು. ಮೂವರು ಕುಳಿತು ಹೋಗುವುದಂತೂ ಸರ್ವಥಾ ತ್ಯಾಜ್ಯ.

ಬ್ರೇಕನ್ನು ಹಿಡಿಯುವಾಗ ಹಿಂದಿನದನ್ನೂ ಮುಂದಿನದನ್ನೂ ಒಟ್ಟಾಗಿ, ಮೆಲ್ಲಮೆಲ್ಲನೆ ಬಿಗಿಮಾಡಬೇಕು. ಮಳೆಯಲ್ಲಿ ನೆನೆದ ರಿಮ್ಮಿನ ಮೇಲೆ ರಬ್ಬರಿನ ಹಿಡಿತ ತಡವಾಗಿ ಬರುವುದರಿಂದ ವೇಗವನ್ನು ಮೊದಲೇ ಇಳಿಸಬೇಕು. ಹಳ್ಳದ ನೀರು ಚಕ್ರದ ನಡುಭಾಗದವರೆಗೆ ಹರಿಯುತ್ತಿದ್ದರೆ ಅದರಲ್ಲಿ ಸವಾರಿ ಮಾಡಕೂಡದು. ಮೋಟಾರಿನೊಳಕ್ಕೆ ನೀರು ಇಳಿಯಬಹುದು. ಪಂಪಿನ ನೀರನ್ನು ರಭಸವಾಗಿ ಬಿಟ್ಟು ಈ ಬೈಸಿಕಲ್ಲನ್ನು ತೊಳೆಯುವುದೂ ಅದೇ ಕಾರಣದಿಂದ ತಪ್ಪು.

ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿ, ತೊಗರಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹಾದುಹೋಗುವ ಲಾರಿಗಳ ಚಕ್ರಕ್ಕೆ ಒಕ್ಕಣೆಯನ್ನು ಬಿಡುವ ಪದ್ಧತಿ ಹಲವೆಡೆಗಳಲ್ಲಿದೆ. ಒಣಗಿದ ಹೊಟ್ಟಿನ ಮೇಲೆ ಎರಡು ಚಕ್ರದ ವಾಹನವು ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ; ಬಳ್ಳಿಗಳು ಕಡ್ಡಿಗಳಿಗೆ ಸುತ್ತಿಕೊಳ್ಳುತ್ತವೆ. ಅಂತಹ ಕಡೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ರಸ್ತೆಯನ್ನು ಕಣವನ್ನಾಗಿ ಮಾಡುವುದನ್ನು ಬಿಡುವುದು ಅದಕ್ಕಿಂತಲೂ ಸರಿ.

ರಾತ್ರಿಯ ಸವಾರಿಗೆ ಪ್ರತಿಫಲಕಗಳು ಮಾತ್ರ ಸಾಲವು. ಮುಂದೆ ಬಿಳಿಯ ದೀಪವೂ ಹಿಂದೆ ಕೆಂಪು ದೀಪವೂ ಉರಿಯುತ್ತಿರಬೇಕು. ಗೆರೆಯೊಳಗಿನ ಬೈಸಿಕಲ್ಲಿನ ಸವಾರನಿಗೆ ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟಿನ ಕಟ್ಟಳೆ ಅನ್ವಯಿಸದಿದ್ದರೂ ಕಲ್ಲಿಗೆ ತಲೆ ತಗಲಿದರೆ ಕಲ್ಲು ಕಾನೂನನ್ನು ಕೇಳುವುದಿಲ್ಲ. ಹೆಲ್ಮೆಟ್ಟನ್ನು ಧರಿಸುವುದೇ ಕ್ಷೇಮ. ವಯಸ್ಸಿನ ವಿಷಯದಲ್ಲಿಯೂ ಹೀಗೆಯೇ. ಇಂಗ್ಲೆಂಡಿನಲ್ಲಿ ಹದಿನಾಲ್ಕು ವರ್ಷ ತುಂಬದವರು ಇಂತಹ ಬೈಸಿಕಲ್ಲನ್ನು ಏರುವಂತಿಲ್ಲ. ಇದನ್ನು ಮನೆಯ ಕಟ್ಟುಪಾಡನ್ನಾಗಿ ಮಾಡಿಕೊಂಡರೆ ನಷ್ಟವೇನೂ ಇಲ್ಲ.

ಹೆದ್ದಾರಿಗಳಲ್ಲಿ ಎಲ್ಲೆಡೆಯೂ ಪ್ರವೇಶವಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ೨೦೨೩ರ ಆಗಸ್ಟ್ ೧ರಿಂದ ಮೋಟಾರ್ ಸೈಕಲ್ಲು, ಆಟೋ, ಟ್ರಾಕ್ಟರು ಹಾಗೂ ಮೋಟಾರಿಲ್ಲದ ವಾಹನಗಳನ್ನು ನಿಷೇಧಿಸ ಲಾಯಿತು. ರಾಮನಗರ ಮಂಡ್ಯ ಕಡೆಗಳ ಗ್ರಾಮಸ್ಥರು ಬೈಸಿಕಲ್ಲಿನಲ್ಲಿ ಹೋಗುವಾಗ ಪಕ್ಕದ ಸರ್ವಿಸ್ ರಸ್ತೆಯನ್ನೇ ಹಿಡಿಯತಕ್ಕದ್ದು. ಬ್ಯಾಟರಿಯ ಬೈಸಿಕಲ್ಲಿಗೆ ಆ ಮುಖ್ಯ ಪಥವು ತಕ್ಕ ಸ್ಥಳವಲ್ಲ.

ಬ್ಯಾಟರಿಯ ಪೋಷಣೆ

ಲಿಥಿಯಂ ಬ್ಯಾಟರಿಯು ಚಿಕ್ಕ ಜಾಗದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಟ್ಟಿರುವ ವಸ್ತು. ಪೆಟ್ಟುಬಿದ್ದರೆ, ನೀರಿಳಿದರೆ ಅಥವಾ ಹೊಂದದ ಚಾರ್ಜರಿನಿಂದ ತುಂಬಿಸಿದರೆ ಅದು ಒಳಗೊಳಗೇ ಕಾದು ಒಮ್ಮೆಲೇ ಹೊತ್ತಿಕೊಳ್ಳಬಹುದು. ಸಾಮಾನು ತಲುಪಿಸುವವರು ಈ ಬೈಸಿಕಲ್ಲುಗಳನ್ನು ಬಹಳವಾಗಿ ಬಳಸುವ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ೨೦೨೩ರಲ್ಲಿ ಲಿಥಿಯಂ ಬ್ಯಾಟರಿಗಳಿಂದ ಹುಟ್ಟಿದ ಬೆಂಕಿಗಳಲ್ಲಿ ೧೮ ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಆ ನಗರದವರು ಪರೀಕ್ಷೆಗೊಳಗಾಗದ ಬ್ಯಾಟರಿಗಳ ಮಾರಾಟವನ್ನು ಕಾನೂನಿನಿಂದ ತಡೆದರು.

ಹುಲ್ಲು, ಸೌದೆ, ಗೋಣಿಚೀಲಗಳು ತುಂಬಿರುವ ಹಳ್ಳಿಯ ಮನೆಯಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಕೊಟ್ಟಿಗೆಯಲ್ಲಿ, ಬಣವೆಯ ಬಳಿಯಲ್ಲಿ, ಮಲಗುವ ಕೋಣೆಯಲ್ಲಿ, ಮನೆಯ ಬಾಗಿಲಿಗೆ ಅಡ್ಡವಾಗಿ ಬ್ಯಾಟರಿಯನ್ನು ಚಾರ್ಜಿಗೆ ಇಡಕೂಡದು. ಮಳೆ ಬಿಸಿಲು ತಾಗದ ಜಗುಲಿಯ ಕಲ್ಲು ಚಪ್ಪಡಿ ಅಥವಾ ಸಿಮೆಂಟಿನ ನೆಲವೇ ತಕ್ಕ ಸ್ಥಳ. ಎಲ್ಲರೂ ಎಚ್ಚರವಾಗಿರುವ ಹೊತ್ತಿನಲ್ಲಿ ಚಾರ್ಜು ಮಾಡಿ, ತುಂಬಿದ ಕೂಡಲೇ ತೆಗೆಯಬೇಕು. ವಾಹನದೊಡನೆ ಬಂದ ಚಾರ್ಜರನ್ನೇ ಬಳಸಬೇಕು. ಬಿಸಿಲಿನಲ್ಲಿ ಓಡಿಬಂದ ಬ್ಯಾಟರಿಯು ತಣ್ಣಗಾದ ಮೇಲೆ ಚಾರ್ಜಿಗೆ ಹಾಕಬೇಕು. ಉಬ್ಬಿದ, ಬಿರಿದ ಅಥವಾ ವಿಚಿತ್ರ ವಾಸನೆ ಬೀರುವ ಬ್ಯಾಟರಿಯನ್ನು ಮತ್ತೆ ಮುಟ್ಟಕೂಡದು. ಹೊಗೆ ಕಂಡರೆ ಜನರನ್ನೂ ದನಗಳನ್ನೂ ಮೊದಲು ಹೊರಗೆ ಸಾಗಿಸಿ, ಮೇನ್ ಸ್ವಿಚ್ಚನ್ನು ಆರಿಸಲು ಸಾಧ್ಯವಾದರೆ ಆರಿಸಿ, ೧೧೨ಕ್ಕೆ ಕರೆಮಾಡತಕ್ಕದ್ದು.

ಪಂಪ್‌ಸೆಟ್ಟಿನ ಲೈನಿನಿಂದ ತಂತಿಯೆಳೆದು ಚಾರ್ಜು ಮಾಡುವ ಅಭ್ಯಾಸವು ಎರಡು ಕಾರಣಗಳಿಂದ ಕೆಟ್ಟದ್ದು. ಆ ಲೈನಿನ ವೋಲ್ಟೇಜಿನ ಏರಿಳಿತದಿಂದ ಚಾರ್ಜರು ಕೆಡುತ್ತದೆ. ಅಲ್ಲದೆ, ಒಂದು ಉದ್ದೇಶಕ್ಕೆ ಮಂಜೂರಾದ ವಿದ್ಯುತ್ತನ್ನು ಬೇರೊಂದಕ್ಕೆ ಬಳಸುವುದು ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೧೨೬ನೆಯ ಪ್ರಕರಣದಂತೆ ಅನಧಿಕೃತ ಬಳಕೆಯೆನಿಸುತ್ತದೆ. ಅರ್ಧ ಯೂನಿಟ್ಟಿನ ಆಸೆಗೆ ನೀರಾವರಿಯ ಸಂಪರ್ಕವನ್ನು ತೊಡಕಿಗೆ ಸಿಕ್ಕಿಸುವುದು ವಿವೇಕವಲ್ಲ. ಸವೆದುಹೋದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ, ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಅನುಸಾರವಾಗಿ ಮಾರಿದವನಿಗೋ ಸಂಗ್ರಹಣಾ ಕೇಂದ್ರಕ್ಕೋ ಹಿಂದಿರುಗಿಸತಕ್ಕದ್ದು.

ಗ್ರಾಮದ ಮುಖಂಡರು ಮಾಡಬಹುದಾದುದು

ಪೋಲೀಸಿನವರು ಪ್ರತಿಯೊಂದು ಹಳ್ಳಿಯ ದಾರಿಯಲ್ಲಿಯೂ ನಿಂತಿರಲಾರರು. ಊರಿನ ಹಿರಿಯರ ಮಾತಿಗೆ ಇಂದಿಗೂ ಬೆಲೆಯುಂಟು. ಪಂಚಾಯಿತಿಯ ಅಧ್ಯಕ್ಷರೂ ಸದಸ್ಯರೂ ಯಜಮಾನರೂ ಕೂಡಿ ಕೆಲವು ಕಟ್ಟುಪಾಡುಗಳನ್ನು ನಡೆಸಿದರೆ ಬಹಳಷ್ಟು ಅನಾಹುತಗಳು ತಪ್ಪುವುವು.

ಆಯುಧಪೂಜೆಯ ದಿನ ಊರಿನ ವಾಹನಗಳೆಲ್ಲವೂ ತೊಳೆದು ಸಿಂಗರಿಸಿ ಒಂದೆಡೆ ನಿಲ್ಲುತ್ತವೆ. ಪೂಜೆಗೆ ಮುಂಚೆ ಒಬ್ಬ ಅನುಭವಸ್ಥ ಮೆಕ್ಯಾನಿಕ್ಕನನ್ನು ಕರೆಯಿಸಿ ಬೈಸಿಕಲ್ಲುಗಳ ಬ್ರೇಕು, ದೀಪ, ಪ್ರತಿಫಲಕಗಳನ್ನು ಪರೀಕ್ಷೆ ಮಾಡಿಸಿದರೆ ಆ ದಿನದ ಪೂಜೆ ಸಾರ್ಥಕವಾಗುತ್ತದೆ. ಕಬ್ಬು ಅರೆಯುವ ಕಾಲವು ಮೊದಲಾಗುವ ಮುನ್ನ ಎತ್ತಿನ ಗಾಡಿಗಳ ಮತ್ತು ಟ್ರಾಕ್ಟರಿನ ಟ್ರೈಲರುಗಳ ಹಿಂಭಾಗಕ್ಕೆ ಕೆಂಪು ಪ್ರತಿಫಲಕದ ಪಟ್ಟಿಯನ್ನು ಅಂಟಿಸುವಂತೆ ಹಿಡುವಳಿದಾರರೇ ಏರ್ಪಾಡು ಮಾಡಬೇಕು. ಕತ್ತಲೆಯಲ್ಲಿ ನಿಂತ ಟ್ರೈಲರು ಬೈಸಿಕಲ್ಲಿನ ಸವಾರನಿಗೆ ಗೋಡೆಯೇ ಸರಿ. ಕೆಟ್ಟುನಿಂತ ವಾಹನಕ್ಕೆ ಒಡ್ಡಿದ ಕಲ್ಲುಗಳನ್ನು ಹೊರಡುವಾಗ ಎತ್ತಿ ಬದಿಗಿಡುವುದು, ಊರ ಬಾಗಿಲಿನ ಮತ್ತು ಕೆರೆ ಏರಿಯ ತಿರುವಿನ ದೀಪಗಳನ್ನು ಆರದಂತೆ ನೋಡಿಕೊಳ್ಳುವುದು, ಒಕ್ಕಣೆಗೆ ಊರೊಟ್ಟಿನ ಕಣವೊಂದನ್ನು ಕಟ್ಟಿಸುವುದು ಇವೂ ಮುಖಂಡರ ಕೈಯಲ್ಲಿಯೇ ಇವೆ.

ಅಪಘಾತವಾದಾಗ ಸಾಕ್ಷಿಗೆ ಅಲೆಯಬೇಕಾದೀತೆಂಬ ಭಯದಿಂದ ಜನರು ಹಿಂಜರಿಯುವುದುಂಟು. ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ೨೦೧೯ರ ತಿದ್ದುಪಡಿಯ ೧೩೪-ಎ ಪ್ರಕರಣವು ರಕ್ಷಿಸುತ್ತದೆ. ತಮ್ಮ ಹೆಸರನ್ನು ಹೇಳಲೇಬೇಕೆಂದು ಅವರನ್ನು ಬಲಾತ್ಕರಿಸುವಂತಿಲ್ಲ. ಮೊದಲು ೧೦೮ಕ್ಕೆ ಕರೆಮಾಡಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದೇ ಕರ್ತವ್ಯವೆಂಬುದನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ತಿಳಿಯಪಡಿಸಬೇಕು.

ವಿದ್ಯುತ್ ಬೈಸಿಕಲ್ಲು ಬಡವನಿಗೂ ನಿಲುಕುವ, ಖರ್ಚು ಕಡಮೆಯ, ಹೊಗೆಯಿಲ್ಲದ ವಾಹನ. ಅದು ಬೈಸಿಕಲ್ಲಾಗಿಯೇ ಉಳಿದಿರುವವರೆಗೆ ಮನೆಗೆ ನೆರವು, ಊರಿಗೆ ನಿರಪಾಯ. ಕೊಳ್ಳುವ ದಿನ ಪ್ರಮಾಣಪತ್ರವನ್ನು ಕೇಳುವುದು, ವರ್ಷಕ್ಕೊಮ್ಮೆ ಕಿಲೋಮೀಟರ್ ಕಲ್ಲುಗಳ ನಡುವೆ ಅದರ ವೇಗವನ್ನು ಪರೀಕ್ಷಿಸುವುದು, ಕಂಟ್ರೋಲರನ್ನು ಮುಟ್ಟದಂತೆ ಮಕ್ಕಳಿಗೂ ಆಳುಗಳಿಗೂ ಕಟ್ಟುನಿಟ್ಟಾಗಿ ಹೇಳುವುದು ಈ ಮೂರನ್ನು ಪ್ರತಿಯೊಬ್ಬ ಯಜಮಾನನೂ ತಪ್ಪದೆ ನಡೆಸತಕ್ಕದ್ದು.